ಕೀಲಿಕೈ ಯಾರ ಹತ್ತಿರ?

ಮಕ್ಕಳೇ, ಈ ವಾರ ನಿಮಗೊಂದು ಜಗಳದ ಸುದ್ದಿ ಹೇಳುತ್ತೇನೆ. ಜಗಳ ಆದದ್ದು ನನಗೂ ನನ್ನ ಮೊಮ್ಮಗನಿಗೂ. ಸೋತವನು ನಾನು. ನಿಮ್ಮ ಮನೆಯ ಅಜ್ಜ ಅಜ್ಜಿಯರಿಗೂ ಇದನ್ನು ಓದಿ ಹೇಳಿ. ಅವರಿಗೂ ಇಂಥ ಜಗಳ ಬಂದೇ ಬರುತ್ತದೆ.

ನಾನಿರುವುದು ಹಾವೇರಿಯಲ್ಲಿ. ಮಗ, ಸೊಸೆ ರಾಣೆಬೆನ್ನೂರಿನಲ್ಲಿದ್ದಾರೆ. ಮೊಮ್ಮಗ ಅಲ್ಲೇ ಎಂಟನೆಯ ತರಗತಿ ಮುಗಿಸಿದ. ನಮ್ಮಣ್ಣ ಬ್ಯಾಡಗಿಯಿಂದ ತುಸು ಒಳಗೆ, ಒಂದು ಸಣ್ಣ ಊರಿನಲ್ಲಿ ಹೊಲ ನೋಡಿಕೊಂಡಿದ್ದಾನೆ. ಬೇಸಿಗೆ ರಜೆ ಬಂತೆಂದರೆ ನಾನು ಹಾವೇರಿಯಲ್ಲಿ ರೈಲು ಹತ್ತುತ್ತೇನೆ. ಮೊಮ್ಮಗನನ್ನು ಅವರಪ್ಪ ರಾಣೆಬೆನ್ನೂರಿನಿಂದ ಕರೆತರುತ್ತಾನೆ. ಎರಡಕ್ಕೂ ನಡುವೆ ಇರುವ ಬ್ಯಾಡಗಿಯಲ್ಲಿ ನಾವು ಕೂಡುತ್ತೇವೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಊರಿಗೆ ಬಂದವರನ್ನು ಮೊದಲು ಬರಮಾಡಿಕೊಳ್ಳುವುದು ಸೀನು. ನಾಲ್ಕು ಸಲ ಸೀನಿದ ಮೇಲೆಯೇ ಕುಶಲ ಮಾತು.

ಈ ಸಲ ಮೊಮ್ಮಗ ಚೀಲದಲ್ಲಿ ಅವರಪ್ಪನ ಹಳೆಯ ಲ್ಯಾಪ್‌ಟಾಪ್ ತಂದಿದ್ದ. ಅದರಲ್ಲಿ ಒಂದು ಕಾರು ಓಡಿಸುವ ಆಟ. ವರ್ಷವಿಡೀ ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಬಂದ ರೊಕ್ಕ ಕೂಡಿಟ್ಟು ಕೊಂಡದ್ದು. ಕೊಳ್ಳುವ ಮೊದಲು ಅವನ ಗೆಳೆಯನೊಬ್ಬ ಅದೇ ಆಟದ ಕದ್ದ ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ಪುಕ್ಕಟೆ ಕೊಡುತ್ತೇನೆ ಎಂದಿದ್ದನಂತೆ. ಆಗ ಫೋನಿನಲ್ಲಿ ಬುದ್ಧಿ ಹೇಳಿದವನು ನಾನೇ. "ಯಾರದೋ ದುಡಿಮಿ ಕದ್ದು ಆಡಬ್ಯಾಡ ತಮ್ಮಾ, ಕೂಡಿಟ್ಟು ತಗೋ" ಎಂದಿದ್ದೆ. ಅವನು ಆರು ತಿಂಗಳು ಕಾದು ಹಾಗೇ ಮಾಡಿದ.

ಅಣ್ಣನ ಊರಿನಲ್ಲಿ ನೆಟ್‌ವರ್ಕ್ ಎಂಬುದು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ, ಅದೂ ಗಾಳಿ ಒಪ್ಪಿದರೆ. ಊಟವಾದ ಮೇಲೆ ಅಣ್ಣನ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಇವನು ಬಹಳ ಹೆಮ್ಮೆಯಿಂದ ಲ್ಯಾಪ್‌ಟಾಪ್ ತೆರೆದ. ಆಟ ಚಾಲೂ ಆಗಲಿಲ್ಲ. ಪರದೆಯ ಮೇಲೆ ಒಂದು ಚಕ್ರ ಗಿರಗಿರ ತಿರುಗಿತು. ಆಮೇಲೆ, ಇಂಟರ್‌ನೆಟ್ ಸಂಪರ್ಕವಿಲ್ಲ, ನಿಮ್ಮ ಖಾತೆಯನ್ನು ಪರೀಕ್ಷಿಸಲು ಆಗುತ್ತಿಲ್ಲ ಎಂದು ಸೂಚನೆ ಬಂತು. ಇವನು ಮಾಳಿಗೆ ಹತ್ತಿದ, ಇಳಿದ, ಮತ್ತೆ ಹತ್ತಿದ. ಹುಡುಗಿ ಪಾಪ ಸ್ವಲ್ಪ ಹೊತ್ತು ಕಾದು ಎದ್ದು ಹೋದಳು.

"ಹೋಗ್ಲಿ ಬಿಡು, ಹೊಲಕ್ಕ ಹೋಗೋಣ ನಡಿ" ಎಂದೆ. ಅವನಿಗೆ ಸಿಟ್ಟು ಬಂತು.

"ಅಜ್ಜಾ, ಇದು ನಾ ಒಬ್ಬನ ಆಡೂ ಆಟ. ಇದಕ್ಕ ನೆಟ್ ಯಾಕ ಬೇಕು? ರೊಕ್ಕ ಕೊಟ್ಟ ನಾನು ಸುಮ್ನ ಕುಂತೀನಿ. ಕದ್ದ ಪ್ರತಿ ಇಟ್ಕೊಂಡಾಂವ ನೆಟ್ ಇಲ್ಲದನ ಆರಾಮ ಆಡಾಕತ್ತಾನ. ಕೊಂಡು ಆಡು ಅಂತ ಹೇಳಿದಾಂವ ನೀನ!"

ನನ್ನ ಹತ್ತಿರ ಉತ್ತರವಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಪ್ರಾಮಾಣಿಕನಿಗೆ ಶಿಕ್ಷೆ, ಕಳ್ಳನಿಗೆ ಬಹುಮಾನ ಎನ್ನುವ ಪಾಠವನ್ನು ಎಂದೂ ಹೇಳಿರಲಿಲ್ಲ. ಆ ಸಂಜೆ ಅವನು ನನ್ನ ಹತ್ತಿರ ಮಾತು ಬಿಟ್ಟ. ಹೊಲಕ್ಕೂ ಬರಲಿಲ್ಲ.

ಮರುದಿನ ಮಗನಿಗೆ ಫೋನ್ ಹಚ್ಚಿ ಕೇಳಿದೆ. ಅವನು ಕಾಲೇಜಿನಲ್ಲಿದ್ದಾಗ ಆಟದ ಹುಚ್ಚು ಇದ್ದವನು. ಈಗ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಲೆಕ್ಕ ಬರೆಯುತ್ತಾನೆ. "ಅಪ್ಪಾ, ಅದಕ್ಕ ಡಿಆರ್‌ಎಂ ಅಂತಾರ. ಡಿಜಿಟಲ್ ಕೀಲಿ ಅನ್ನು" ಎಂದ. ಪೂರ್ತಿ ಹೆಸರು ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್. ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ನೀವು ಅಂಗಡಿಯಲ್ಲಿ ಒಂದು ಟ್ರಂಕು ಕೊಂಡಿರಿ. ಮನೆಗೂ ತಂದಿರಿ. ಆದರೆ ಕೀಲಿಕೈ ಅಂಗಡಿಯವನ ಹತ್ತಿರವೇ ಇದೆ. ತೆರೆಯಬೇಕಾದಾಗ ಅವನನ್ನು ಕೇಳಬೇಕು. ಅವನು ಸಿಗದಿದ್ದರೆ ಟ್ರಂಕು ತೆರೆಯುವುದಿಲ್ಲ. ಅವನು ಅಂಗಡಿ ಮುಚ್ಚಿದರೆ?

ಕೀಲಿ ಹಾಕುವವರ ಕಷ್ಟವನ್ನೂ ಹೇಳಬೇಕು. ಒಂದು ದೊಡ್ಡ ಆಟವನ್ನು ನೂರಾರು ಜನ ವರ್ಷಗಟ್ಟಲೆ ಕೂತು ಮಾಡಿರುತ್ತಾರೆ. ಅದು ಬಂದ ದಿನವೇ ನಕಲಾದರೆ ಅವರ ಹೊಟ್ಟೆಯ ಮೇಲೆ ಹೊಡೆತ. ಹಾಗಾಗಿ ಕೀಲಿ ಹೊಸದಲ್ಲ. ಮಗನೇ ನೆನಪು ಮಾಡಿದ: 1989ರಲ್ಲಿ ಜೋರ್ಡನ್ ಮೆಕ್ನರ್ ಎಂಬವರು ಮಾಡಿದ ಪ್ರಿನ್ಸ್ ಆಫ್ ಪರ್ಷಿಯಾ ಆಟವನ್ನು ನಮ್ಮ ಕಡೆಯ ಎಷ್ಟೋ ಮಕ್ಕಳು ಕಂಪ್ಯೂಟರ್ ಕ್ಲಾಸಿನಲ್ಲಿ ಆಡಿದ್ದಾರೆ. ಅದರಲ್ಲಿ ಮೊದಲ ಹಂತ ದಾಟಿದ ಮೇಲೆ ಅಕ್ಷರಗಳಿರುವ ಸೀಸೆಗಳ ಕೋಣೆ ಬರುತ್ತದೆ. ಆಟದ ಜೊತೆ ಕೊಟ್ಟ ಪುಸ್ತಕ ನೋಡಿ ಸರಿಯಾದ ಅಕ್ಷರದ ಸೀಸೆಯನ್ನೇ ಕುಡಿಯಬೇಕು. ಪುಸ್ತಕವಿಲ್ಲದವನು ವಿಷ ಕುಡಿದು ಸಾಯುತ್ತಿದ್ದ! ಆದರೆ ಆ ಕೀಲಿಕೈ, ಅಂದರೆ ಪುಸ್ತಕ, ಕೊಂಡವನ ಮನೆಯಲ್ಲೇ ಇರುತ್ತಿತ್ತು. ಈಗಿನದು ಹಾಗಲ್ಲ.

ಅಂಗಡಿ ಮುಚ್ಚಿದರೆ ಎಂದು ಕೇಳಿದೆನಲ್ಲ, ಅದು ಬರೀ ಕಲ್ಪನೆಯಲ್ಲ. ದಿ ಕ್ರೂ ಎಂಬ ಕಾರಿನ ಆಟ 2014ರಲ್ಲಿ ಬಂತು. ಅದರ ಕಂಪನಿ 2024ರ ಮಾರ್ಚ್ 31ಕ್ಕೆ ತನ್ನ ಸರ್ವರ್‌ಗಳನ್ನು ನಿಲ್ಲಿಸಿತು. ಅಂದಿನಿಂದ, ದುಡ್ಡು ಕೊಟ್ಟು ಕೊಂಡವರಿಗೂ, ಒಬ್ಬರೇ ಆಡುತ್ತಿದ್ದವರಿಗೂ ಆಟ ಬಂದ್. ಪುಸ್ತಕಗಳಿಗೂ ಹೀಗೆ ಆಗಿದೆ. 2009ರಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ ಯಂತ್ರದಲ್ಲಿ ಓದುಗರು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಕಾದಂಬರಿಗಳು ಇದ್ದಕ್ಕಿದ್ದಂತೆ ಮಾಯವಾದವು. ಅವನ್ನು ಮಾರಿದವರಿಗೆ ಮಾರುವ ಹಕ್ಕೇ ಇರಲಿಲ್ಲವೆಂದು ಕಂಪನಿ ದೂರದಿಂದಲೇ ಅಳಿಸಿ, ದುಡ್ಡು ಮರಳಿಸಿತ್ತು. ಶಾಲೆಯ ಕೆಲಸಕ್ಕೆಂದು ಓದುತ್ತಿದ್ದ ಒಬ್ಬ ಹುಡುಗ ಬರೆದಿಟ್ಟಿದ್ದ ಟಿಪ್ಪಣಿಗಳು ಯಾವ ಪುಟಕ್ಕೆ ಸೇರಿದವು ಎಂಬುದೇ ತಿಳಿಯದಂತಾಯಿತು. ಕಂಪನಿ ಆಮೇಲೆ ತಪ್ಪಾಯಿತೆಂದು ಕ್ಷಮೆ ಕೇಳಿತು ಅನ್ನಿ. ನಮ್ಮ ಮನೆಯ ಕಪಾಟಿನ ಪುಸ್ತಕವನ್ನು ಇಲಿ, ಗೆದ್ದಲು ತಿಂದಾವು. ಅಂಗಡಿಯವನು ರಾತ್ರಿ ಬಂದು ಒಯ್ಯುವುದಿಲ್ಲ.

ಇದನ್ನೆಲ್ಲ ಅಣ್ಣನ ಮುಂದೆ ಹೇಳುತ್ತಿದ್ದೆ. ಅವನು ಅಟ್ಟದಿಂದ ಒಂದು ಗಡಿಗೆ ಇಳಿಸಿ ಅದರ ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚುತ್ತಿದ್ದ. ಒಳಗೆ ಬೂದಿ ಬೆರೆಸಿಟ್ಟ ಮೆಣಸಿನಕಾಯಿ ಬೀಜ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಅಣ್ಣನದು ಡಬ್ಬಿ. ಖಾರ ಕಡಿಮೆ, ಬಣ್ಣ ಕಡುಗೆಂಪು. ಆ ಬಣ್ಣಕ್ಕಾಗಿಯೇ ಅದರ ರಸ ಸೌಂದರ್ಯ ಸಾಧನಗಳವರೆಗೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಪ್ರತಿ ವರ್ಷ ಅಣ್ಣ ಹೊಲದಲ್ಲಿ ಚಲೋ ಗಿಡ ಗುರುತು ಮಾಡಿ, ತುಂಬ ಹಣ್ಣಾದ ಕಾಯಿ ಬಿಡಿಸಿ, ಒಣಗಿಸಿ, ಬೀಜ ತೆಗೆದು ಇಡುತ್ತಾನೆ. ಮುಂಗಾರು ಬಂದಾಗ ಯಾರನ್ನೂ ಕೇಳದೆ ಗಡಿಗೆ ಬಿಚ್ಚುತ್ತಾನೆ.

ಮಾತು ಬಿಟ್ಟಿದ್ದ ಮೊಮ್ಮಗ ಅಷ್ಟರಲ್ಲಿ ಹತ್ತಿರ ಬಂದು ಕೂತ. "ದೊಡ್ಡಜ್ಜಾ, ಅಂಗಡಿಯಾಗ ಬೀಜ ಸಿಗ್ತಾವಲ್ಲ? ಅಪ್ಪನ ಕಂಪನಿಯವ್ರು ಮಾರ್ತಾರ."

"ಸಿಗ್ತಾವಪಾ. ಹೈಬ್ರಿಡ್ ಬೀಜ ಹಾಕಿದ್ರ ಬೆಳಿ ಜಾಸ್ತಿನೂ ಬರ್ತೈತಿ. ಆದ್ರ ಅದರ ಬೀಜ ಇಟ್ಟು ಮುಂದಿನ ವರ್ಷ ಹಾಕಿದ್ರ ಒಂದು ಗಿಡ ಹಂಗ, ಒಂದು ಗಿಡ ಹಿಂಗ. ಮತ್ತ ಅಂಗಡಿಗೇ ಹೋಗಬೇಕು. ಅದನ್ನೂ ಹಾಕೀನಿ ಒಂದು ಎಕರೆ. ಇದನ್ನೂ ಬಿಟ್ಟಿಲ್ಲ."

ಹೈಬ್ರಿಡ್ ಬೀಜವನ್ನು ನಾನು ಬೈಯುವುದಿಲ್ಲ. ರಾಣೆಬೆನ್ನೂರು ಸೀಮೆಯಲ್ಲಿ ಹೆಣ್ಣುಮಕ್ಕಳು ಹೊಲದಲ್ಲಿ ಕೂತು, ಒಂದೊಂದೇ ಹೂವಿನ ಕೇಸರ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸಿ ಆ ಬೀಜ ಮಾಡುವುದನ್ನು ನೋಡಿದ್ದೇನೆ. ಅದೂ ದುಡಿಮೆಯೇ. ನಮ್ಮ ಮಗನ ಸಂಬಳವೂ ಅದರಿಂದಲೇ. ಆದರೆ ಗಡಿಗೆ ಮನೆಯಲ್ಲಿದ್ದ ರೈತನ ಮುಖದಲ್ಲಿ ಒಂದು ನೆಮ್ಮದಿ ಇರುತ್ತದಲ್ಲ, ಅದನ್ನು ಮೊಮ್ಮಗನೂ ಅಂದು ಕಂಡ. "ಇಂಥ ಗಡಿಗಿಯಾಗ ಇಟ್ಕೊಳ್ಳೂವಂಥ ಆಟ ಇಲ್ಲೇನು ಅಜ್ಜಾ?" ಎಂದು ಕೇಳಿದ. ಮಾತು ಬಿಟ್ಟ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು.

ಇದೆ. ಅದನ್ನೂ ಮಗನೇ ಹೇಳಿಕೊಟ್ಟ. ಪೋಲೆಂಡ್ ದೇಶದಲ್ಲಿ 1994ರಲ್ಲಿ ಇಬ್ಬರು ಗೆಳೆಯರು ಸಿಡಿ ಪ್ರಾಜೆಕ್ಟ್ ಎಂಬ ಕಂಪನಿ ತೆಗೆದು ಆಟಗಳ ಸಿಡಿ ಮಾರತೊಡಗಿದರು. ಆಗ ಅಲ್ಲಿನ ಸಂತೆಗಳಲ್ಲಿ ಕದ್ದ ಸಿಡಿಗಳದ್ದೇ ರಾಶಿ. ನಮ್ಮ ಬಸ್ ನಿಲ್ದಾಣದ ಎದುರು ಸಿನಿಮಾ ಸಿಡಿ ಇಟ್ಟುಕೊಂಡು ಕೂರುತ್ತಿದ್ದರಲ್ಲ, ಹಾಗೆ. ಅವರು ಬೇರೆಯೇ ದಾರಿ ಹಿಡಿದರು. 1999ರಲ್ಲಿ ಬಾಲ್ಡರ್ಸ್ ಗೇಟ್ ಎಂಬ ದೊಡ್ಡ ಆಟವನ್ನು ಪೋಲಿಷ್ ಭಾಷೆಗೆ ತಂದು, ನಟರಿಂದ ದನಿ ಕೊಡಿಸಿ, ಒಳ್ಳೆಯ ಪೆಟ್ಟಿಗೆಯಲ್ಲಿ ಹಾಕಿ ಮಾರಿದರು. ಕದ್ದ ಮಾಲಿಗಿಂತ ಕೊಂಡ ಮಾಲು ಮೇಲಾಗಿದ್ದರೆ ಜನ ಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ಜನ ಕೊಂಡರು. 2008ರಲ್ಲಿ ಅದೇ ಕಂಪನಿ ಗುಡ್ ಓಲ್ಡ್ ಗೇಮ್ಸ್ ಎಂಬ ಅಂಗಡಿಯನ್ನು ಇಂಟರ್‌ನೆಟ್‌ನಲ್ಲಿ ತೆರೆಯಿತು. ಈಗ ಅದರ ಹೆಸರು ಚಿಕ್ಕದಾಗಿ ಜಿಒಜಿ. ಅಲ್ಲಿ ಆಟಕ್ಕೆ ಕೀಲಿ ಇಲ್ಲ. ದುಡ್ಡು ಕೊಟ್ಟರೆ ಆಟವನ್ನು ಕಂಪ್ಯೂಟರಿಗೆ ಹಾಕುವ ಪೂರ್ತಿ ಕಡತ ನಿಮ್ಮ ಕೈಗೆ. ಪೆನ್ ಡ್ರೈವ್‌ನಲ್ಲಿಡಿ, ಹಾರ್ಡ್ ಡಿಸ್ಕಿನಲ್ಲಿಡಿ, ನೆಟ್ ಇಲ್ಲದ ಊರಿನಲ್ಲಿ ಹಾಕಿಕೊಳ್ಳಿ, ಅಂಗಡಿ ನಾಳೆ ಮುಚ್ಚಿದರೂ ಆಡಿ. ಹಳೆಯ ಆಟಗಳು ಹೊಸ ಕಂಪ್ಯೂಟರಿನಲ್ಲಿ ನಡೆಯುವಂತೆ ರಿಪೇರಿ ಮಾಡಿಯೂ ಕೊಡುತ್ತಾರೆ.

ಆ ಅಂಗಡಿಯ ಗಿರಾಕಿಗಳು ಬಲು ಚುರುಕು. 2021ರಲ್ಲಿ ಹಿಟ್‌ಮ್ಯಾನ್ ಎಂಬ ಆಟ ಅಲ್ಲಿ ಮಾರಾಟಕ್ಕೆ ಬಂತು. ಅದರ ಹಲವು ಭಾಗಗಳಿಗೆ ನೆಟ್ ಬೇಕಾಗಿತ್ತು. ಕೀಲಿ ಇಲ್ಲವೆಂದು ಹೇಳಿ ಇದೇನು ಎಂದು ಗಿರಾಕಿಗಳು ಗದ್ದಲ ಎಬ್ಬಿಸಿದರು. ಕೆಲವೇ ವಾರದಲ್ಲಿ ಅಂಗಡಿಯವರು ಆ ಆಟವನ್ನೇ ತೆಗೆದುಹಾಕಿದರು.

ಹಾಗೆಂದು ಅಲ್ಲಿ ಎಲ್ಲವೂ ಸಿಗುವುದಿಲ್ಲ. ಎಷ್ಟೋ ದೊಡ್ಡ ಕಂಪನಿಗಳು ತಮ್ಮ ಹೊಸ ಆಟವನ್ನು ಕೀಲಿ ಇಲ್ಲದೆ ಕೊಡಲು ಒಪ್ಪುವುದಿಲ್ಲ. ನಾಲ್ಕೂರಿನ ಮಕ್ಕಳು ಒಟ್ಟಿಗೆ ಆಡುವ ಆಟಕ್ಕೆ ನೆಟ್ ಬೇಕೇ ಬೇಕು. ಕಾನೂನಿನ ಲೆಕ್ಕದಲ್ಲಿ ಅಲ್ಲಿಯೂ ನೀವು ಕೊಳ್ಳುವುದು ಆಡುವ ಪರವಾನಗಿ ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಹೀಗೆ ಪರವಾನಗಿ ಮಾರುವ ಅಂಗಡಿಗಳು ಅದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನೇ ಜಾರಿಯಾಗಿದೆ.

ರಾಣೆಬೆನ್ನೂರಿಗೆ ಹೋದ ಮೇಲೆ ಮಗ ಅಲ್ಲಿಂದ ಒಂದು ಆಟ ಕೊಡಿಸಿದ. ರೋಲರ್‌ಕೋಸ್ಟರ್ ಟೈಕೂನ್. 1999ರದ್ದು. ಕ್ರಿಸ್ ಸಾಯರ್ ಎಂಬ ಸ್ಕಾಟ್ಲೆಂಡಿನವರು ಅದರ ಪ್ರೋಗ್ರಾಂ ಅನ್ನು ಬಹುಪಾಲು ಒಬ್ಬರೇ ಕೂತು ಬರೆದರಂತೆ. ಜಾತ್ರೆ ಕಟ್ಟುವ ಆಟ ಅನ್ನಿ. ತೊಟ್ಟಿಲು, ತಿರುಗುವ ಕುದುರೆ, ತಿಂಡಿ ಅಂಗಡಿ ಎಲ್ಲ ನಾವೇ ಇಡಬೇಕು. ದರ ನಾವೇ ಹಚ್ಚಬೇಕು. ತಿಂದು ತೊಟ್ಟಿಲು ಹತ್ತಿದವರು ವಾಂತಿ ಮಾಡಿದರೆ ಗುಡಿಸಲು ಆಳು ಇಡಬೇಕು. ನಾನೂ ಕೂತೆ. ಎರಡು ತಾಸು ಹೋದದ್ದೇ ತಿಳಿಯಲಿಲ್ಲ, ಸೊಸೆ ಊಟಕ್ಕೆ ಮೂರು ಸಲ ಕರೆದಳಂತೆ.

ಆಟದ ಕಡತವನ್ನು ಮೊಮ್ಮಗ ಎರಡು ಪೆನ್ ಡ್ರೈವ್‌ಗೆ ಹಾಕಿದ. ಒಂದು ಅವನ ಹತ್ತಿರ, ಇನ್ನೊಂದು ಹಾವೇರಿಯಲ್ಲಿ ನನ್ನ ಕಪಾಟಿನಲ್ಲಿ. ಬೀಜವನ್ನು ಒಂದೇ ಮನೆಯಲ್ಲಿ ಇಡಬಾರದೆಂದು ದೊಡ್ಡಜ್ಜ ಹೇಳಿದ್ದನಂತೆ.

ವಾರದ ಮೇಲೆ ಫೋನ್ ಬಂತು. ಮೊದಲು ಕದ್ದ ಪ್ರತಿ ಕೊಡುತ್ತೇನೆಂದಿದ್ದ ಗೆಳೆಯನೇ ಈಗ ಈ ಆಟ ಕೇಳುತ್ತಿದ್ದಾನೆ. ಕೀಲಿಯೂ ಇಲ್ಲ, ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. "ದೊಡ್ಡಜ್ಜ ಬಾಜೂ ಹೊಲದವ್ರಿಗೆ ಬೀಜ ಕೊಡ್ತಾನಲ್ಲ ಅಜ್ಜಾ? ನಾ ಯಾಕ ಕೊಡಬಾರದು?"

ಅಲ್ಲಿಗೆ ನನ್ನ ಗಡಿಗೆಯ ಹೋಲಿಕೆ ಮುರಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಯೋಚಿಸಿ ಹೇಳಿದೆ. ದೊಡ್ಡಜ್ಜ ಕೊಡುವುದು ತಾನು ಬೆಳೆದ ಬೀಜ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಎಂದು 2001ರಲ್ಲಿ ನಮ್ಮ ದೇಶದಲ್ಲೇ ಆಗಿದೆ. ರೈತ ತಾನು ಬೆಳೆದದ್ದರ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಆದರೆ ಕಾಯ್ದೆಯ ರಕ್ಷಣೆ ಇರುವ ತಳಿಯನ್ನು ಬ್ರ್ಯಾಂಡ್ ಹಚ್ಚಿ ಮಾರುವಂತಿಲ್ಲ. ನಿನ್ನ ಆಟವನ್ನು ಬೆಳೆದವನು ನೀನಲ್ಲ ತಮ್ಮಾ, ಸಾಯರ್. ಕೀಲಿ ಹಾಕದೆ ಕೊಟ್ಟವರು ನಿನ್ನನ್ನು ನಂಬಿ ಕೊಟ್ಟಿದ್ದಾರೆ. ನಿನ್ನ ಗೆಳೆಯನಂಥವರು ಸಾವಿರ ಜನ ಆದರೆ ನಾಳೆ ಅವರೂ ಕೀಲಿ ಹಾಕುತ್ತಾರೆ. ಇಷ್ಟು ಹೇಳಿ, ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು ಎಂದೆ. ಹಿಂದೆ ಒಮ್ಮೆ ಬುದ್ಧಿ ಹೇಳಿ ಕೈಸುಟ್ಟುಕೊಂಡಿದ್ದೆನಲ್ಲ!

ಅವನು "ಹೂಂ" ಎಂದು ಫೋನ್ ಇಟ್ಟ. ಎರಡು ವಾರ ನಾನೂ ಕೇಳಲಿಲ್ಲ.

ಮೊನ್ನೆ ರವಿವಾರ ಸೊಸೆಯೇ ಫೋನ್ ಮಾಡಿದಳು. ಹಿಂದೆ ಇಬ್ಬರು ಹುಡುಗರ ಗದ್ದಲ ಕೇಳುತ್ತಿತ್ತು. "ಏನ್ರಿ ಮಾವಾರ, ಪ್ರತಿ ಕೊಡೂದಿಲ್ಲ, ಮನಿಗೇ ಬಾ ಅಂತ ಇಂವ ಹೇಳ್ಯಾನ. ಮುಂಜಾನಿಂದ ಇಬ್ಬರೂ ಕೂಡಿ ಜಾತ್ರಿ ಕಟ್ಟಾಕತ್ಯಾರ. ಈಗ ಜಾತ್ರಿಯೊಳಗಿನ ಶೌಚಾಲಯಕ್ಕ ರೊಕ್ಕ ಇಸ್ಕೊಳ್ಳಬೇಕೋ ಬ್ಯಾಡೋ ಅಂತ ಜಗಳ. ನಿಮ್ಮನ್ನ ಕೇಳಬೇಕಂತ."

ಬೇಡವೆಂದು ಹೇಳಿದೆ. ಇಬ್ಬರೂ ಒಪ್ಪಲಿಲ್ಲ.