ವಿಮಾನದ ಗಂಟೆ, ಕೂಲಿಕಾರನ ಗಂಟೆ

ಕಲಬುರಗಿಯಿಂದ ಬೆಂಗಳೂರು ಒಂದು ಗಂಟೆಯ ದಾರಿ ಎನ್ನುವವರಿದ್ದಾರೆ. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. ಆ ಒಂದು ಗಂಟೆಯನ್ನು ನಾವು ತಕ್ಕಡಿಗೆ ಹಾಕಿ ನೋಡೋಣ.

ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 460 ಕಿಲೋಮೀಟರ್. ಸಣ್ಣ ಊರುಗಳಿಗೆ ಹಾರುವ ಪಂಖದ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ಓಡುತ್ತದೆ. ಏರುವುದು, ಇಳಿಯುವುದು ಸೇರಿ ಒಂದೂಕಾಲು ಗಂಟೆ. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ನಿಲ್ದಾಣ ಊರೊಳಗಿಲ್ಲ, ಶ್ರೀನಿವಾಸ ಸರಡಗಿಯ ಬಳಿ ಇದೆ. ಮುಟ್ಟಲು ಅರ್ಧ ಗಂಟೆ. ಕೌಂಟರು ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ದೇವನಹಳ್ಳಿಯಲ್ಲಿಳಿದು, ಗಂಟು ಬಿಡಿಸಿಕೊಂಡು, ಮೆಜೆಸ್ಟಿಕ್ಕು ಸೇರಲು ಇನ್ನೆರಡು ಗಂಟೆ. ಕೂಡಿಸಿರಿ: ಐದೂಕಾಲು ಗಂಟೆ!

ರಾತ್ರಿಯ ರೈಲಿಗೆ ಇದರ ಎರಡರಷ್ಟು ಹೊತ್ತು ಬೇಕು, ನಿಜ. ಆದರೆ ರೈಲು ತೆಗೆದುಕೊಳ್ಳುವುದು ನಿದ್ದೆಯ ಹೊತ್ತನ್ನು. ಹಗಲಿನ ವಿಮಾನ ತೆಗೆದುಕೊಳ್ಳುವುದು ಹಾಜರಿಯ ಹೊತ್ತನ್ನು. ಬೇಳೆ ಗಿರಣಿಯ ಕೂಲಿಕಾರನಿಗೆ ಗಂಟೆಯೆಂದರೆ ಗಡಿಯಾರದ ಮುಳ್ಳಲ್ಲ, ದಿನದ ಪಗಾರ.

ನಾವು ವಿಮಾನದ ವೈರಿಗಳಲ್ಲ. ರೋಗಿಗೆ, ತುರ್ತಿನ ವ್ಯಾಪಾರಿಗೆ ಅದು ಉಪಕಾರಿಯೇ. ಹವಾಯಿ ಚಪ್ಪಲಿಯವರೂ ವಿಮಾನ ಹತ್ತಬೇಕೆಂಬ ಮಾತಿನೊಡನೆ 2016ರ ಅಕ್ಟೋಬರಿನಲ್ಲಿ ಉಡಾನ್ ಯೋಜನೆ ಬಂದಿತು. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದು ಆಗ ಗೊತ್ತುಮಾಡಿದರು. ಆದರೆ ಈ ದರ ಸುಮಾರು ಅರ್ಧ ಸೀಟುಗಳಿಗೆ ಮಾತ್ರ. ಕಂಪನಿಯ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ? 2023ರಲ್ಲಿ ಮಹಾಲೇಖಪಾಲರು ಕೊಟ್ಟ ವರದಿ ನೋಡಿರಿ. ಯೋಜನೆಯ ಮೂರನೆಯ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅವುಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಅದರಾಚೆಗೂ 2023ರ ಮಾರ್ಚಿನವರೆಗೆ ಉಳಿದವು 54. ನೆರವು ನಿಂತೊಡನೆ ರೆಕ್ಕೆ ಮುದುಡುವ ಈ ವಿಮಾನವನ್ನು ನೆಚ್ಚಿ ಬಡವನು ಪಯಣದ ಬುತ್ತಿ ಕಟ್ಟಲಾದೀತೆ?

ನೆಲದ ಮೇಲೂ ಇದೇ ರೀತಿ. 2024ರ ಮಾರ್ಚಿನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ಹೊರಟಿತು. ಸುಮಾರು ಒಂಬತ್ತು ಗಂಟೆಯ ಪಯಣ, ಸಂತೋಷ. ಆದರೆ ಅದರಲ್ಲಿ ಸಾಮಾನ್ಯ ದರ್ಜೆಯ ಡಬ್ಬಿಯೇ ಇಲ್ಲ. ವೇಗವೆಲ್ಲ ಒಂದು ವರ್ಗಕ್ಕೆ, ನೂಕುನುಗ್ಗಲೆಲ್ಲ ಇನ್ನೊಂದಕ್ಕೆ ಎಂಬುದು ಯಾವ ನ್ಯಾಯ?

ನಾವು ಕೇಳುವುದು ಹೆಚ್ಚಿನದೇನಲ್ಲ. ನೆರವಿನ ಸೀಟುಗಳು ತಿಂಗಳಿಗೆ ಎಷ್ಟು, ಯಾವ ದರಕ್ಕೆ ಮಾರಾಟವಾದವೆಂದು ನಿಲ್ದಾಣದಲ್ಲೇ ಹಲಗೆಯ ಮೇಲೆ ಬರೆಯಿರಿ. ವಿಮಾನದ ವೇಳೆಗೆ ಸರಿಯಾಗಿ ಸರಕಾರಿ ಬಸ್ಸು ಬಿಡಿರಿ. ರಾತ್ರಿ ರೈಲುಗಳಿಗೆ ಸಾಮಾನ್ಯ ಡಬ್ಬಿ ಹೆಚ್ಚಿಸಿರಿ.

ಇನ್ನೊಂದು ಮಾತು. ದೂರ ತಗ್ಗಿಸಲು ಹಾರಲೇಬೇಕೆಂದಿಲ್ಲ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬಂದಿತು, 2013ರಲ್ಲಿ ಕಾಯಂ ಆಯಿತು. ಅಂದಿನಿಂದ ಎಷ್ಟೋ ಕಕ್ಷಿದಾರರಿಗೆ ಬೆಂಗಳೂರಿನ ದಾರಿಯೇ ತಪ್ಪಿತು. ಬಡವನು ರಾಜಧಾನಿಗೆ ಓಡುವ ಬದಲು ಕಚೇರಿ, ಆಸ್ಪತ್ರೆ, ಕಾಲೇಜು ಅವನ ಜಿಲ್ಲೆಗೇ ಬರಲಿ. ಅದಕ್ಕಿಂತ ವೇಗದ ವಿಮಾನ ಬೇರೆ ಇಲ್ಲ.