ಕಾಲಿನ ಹುಣ್ಣು ಹಣೆಬರಹವಲ್ಲ

ವಿಜಯಪುರದಲ್ಲಿ ಗಿರಣಿಯ ಪಾಳಿ ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ನೋಡಿರಿ. ಟಿಕೋಟಾ, ಬಬಲೇಶ್ವರದ ಸಂತೆಯಲ್ಲಿ ಜನರ ಕಾಲುಗಳತ್ತ ಒಮ್ಮೆ ಕಣ್ಣು ಹಾಯಿಸಿರಿ. ಹಳೆಯ ಅರಿವೆ ಸುತ್ತಿದ ಕಾಲು ಕಾಣದೆ ಇರದು. ಕೇಳಿದರೆ ಉತ್ತರ ಒಂದೇ: “ಹುಣ್ಣಾಗೇದ್ರಿ, ಮಾಯವಲ್ದು.” ಎಷ್ಟು ದಿನವಾಯಿತೆಂದರೆ ತಿಂಗಳುಗಳ ಲೆಕ್ಕ, ಕೆಲವೊಮ್ಮೆ ವರ್ಷಗಳ ಲೆಕ್ಕ. ಕೊನೆಗೆ ಹಣೆಬರಹದ ಮಾತು.

ಇದು ಹಣೆಬರಹವಲ್ಲವೆಂದು ನಾವು ಹೇಳುತ್ತೇವೆ.

ಇದರ ಮುಖ್ಯ ಕಾರಣಗಳು ವೈದ್ಯರಿಗೆ ಚೆನ್ನಾಗಿ ಗೊತ್ತು. ದಿನವೆಲ್ಲ ಯಂತ್ರದ ಮುಂದೆ ನಿಲ್ಲುವ ಕಾಮಗಾರನಿಗೂ ಅಂಗಡಿಯಲ್ಲಿ ನಿಂತೇ ಇರುವ ವ್ಯಾಪಾರಿಗೂ ಕಾಲಿನ ರಕ್ತ ಮೇಲಕ್ಕೇರದೆ ಉಳಿಯುತ್ತದೆ. ನೀಲಿ ನರಗಳು ಉಬ್ಬಿ, ಹರಡಿನ ಹತ್ತಿರ ಚರ್ಮ ಕಪ್ಪಿಟ್ಟು ಒಡೆಯುತ್ತದೆ. ಬೀಡಿ ಸೇದುವವನ ರಕ್ತನಾಳಗಳು ಇಕ್ಕಟ್ಟಾಗಿ ಬೆರಳುಗಳಿಗೆ ರಕ್ತ ಸಾಲದಾಗುತ್ತದೆ. ಮೂರನೆಯದು ಸಕ್ಕರೆ ರೋಗ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ರೋಗವಿದೆ. ಅದು ಸಾಹುಕಾರರ ಬೇನೆಯೆಂಬ ಮಾತು ಎಂದೋ ಸುಳ್ಳಾಯಿತು.

ಸಕ್ಕರೆ ರೋಗ ಮೊದಲು ಪಾದದ ಅರಿವನ್ನು ಕದಿಯುತ್ತದೆ. ಹೊಲದಲ್ಲಿ ಜೋಳದ ಕೂಳೆ ಚುಚ್ಚಿದರೂ, ದ್ರಾಕ್ಷಿ ತೋಟದಲ್ಲಿ ಮುಳ್ಳು ಮುರಿದರೂ ನೋವಿಲ್ಲ. ನೋವಿಲ್ಲದ ಗಾಯದ ಮೇಲೆ ಮನುಷ್ಯ ದಿನವೆಲ್ಲ ನಡೆಯುತ್ತಾನೆ. ಕೀವು ಎಲುಬಿಗೆ ಇಳಿದಾಗ ದವಾಖಾನೆಗೆ ಬರುತ್ತಾನೆ. ಆಗ ಕಾಲು ತೆಗೆಯುವ ಮಾತು.

ಇದೇ ಸಂಗತಿಯನ್ನು ವೆಲ್ಲೂರಿನ ಆಸ್ಪತ್ರೆಗೆ 1946ರಲ್ಲಿ ಬಂದ ಡಾಕ್ಟರ್ ಪಾಲ್ ಬ್ರಾಂಡ್ ಕುಷ್ಠರೋಗಿಗಳಲ್ಲಿ ಕಂಡರು. ಪಾದ ತಾನಾಗಿ ಕೊಳೆಯುವುದಿಲ್ಲ, ಅರಿವಿಲ್ಲದ್ದರಿಂದ ಗಾಯಗೊಂಡು ಹಾಳಾಗುತ್ತದೆಂದು ತೋರಿಸಿದರು. ಅದಕ್ಕೆ ಮದ್ದು ಮೆತ್ತನೆಯ ರಬ್ಬರಿನ ಚಪ್ಪಲಿ. ಕುಷ್ಠರೋಗದಿಂದ ಪಾದದ ಅರಿವು ಹೋದವರಿಗೆ ಸರಕಾರ ಅದನ್ನು ಪುಕ್ಕಟೆ ಕೊಡುತ್ತದೆ, ಒಳ್ಳೆಯ ಕೆಲಸ. ಆದರೆ ಸಕ್ಕರೆ ರೋಗದಿಂದ ಅರಿವು ಹೋದ ಹಮಾಲನ ಪಾದ ಬೇರೆಯೇ? ಮುಳ್ಳು ಎರಡನ್ನೂ ಒಂದೇ ರೀತಿ ಚುಚ್ಚುತ್ತದೆಯಲ್ಲವೇ?

ಹುಣ್ಣಿನ ಬೆಲೆ ಔಷಧದ ಚೀಟಿಯಲ್ಲಿ ಕಾಣುವುದಿಲ್ಲ. ಇ.ಎಸ್.ಐ. ಇದ್ದ ಕಾಮಗಾರನಿಗೆ ಕಾಯಿಲೆಯಾದಾಗ ವರ್ಷಕ್ಕೆ 91 ದಿನದವರೆಗೆ ಪಗಾರದ ನೂರಕ್ಕೆ 70ರಷ್ಟು ಸಿಗಬಹುದು. ತೋಟದ ಕೂಲಿಗೆ, ಹಮಾಲನಿಗೆ, ಕೈಗಾಡಿಯ ವ್ಯಾಪಾರಿಗೆ ಅದೂ ಇಲ್ಲ. ಟಿಕೋಟಾದ ಹೆಣ್ಣುಮಗಳಿಗೆ ವಿಜಯಪುರದ ಬಸ್ಸು ಪುಕ್ಕಟೆಯಾದರೂ, ಪಟ್ಟಿ ಬದಲಿಸಿಕೊಳ್ಳಲು ಹೋದ ದಿನದ ಕೂಲಿಯನ್ನು ಯಾರು ಕೊಡುತ್ತಾರೆ?

ಆದುದರಿಂದ ನಾವು ದೊಡ್ಡ ಕಟ್ಟಡ ಬೇಡುತ್ತಿಲ್ಲ. ಟಿಕೋಟಾ, ಬಬಲೇಶ್ವರದ ಸರಕಾರಿ ದವಾಖಾನೆಗಳಲ್ಲಿ ಸಕ್ಕರೆ ರೋಗಿಯ ರಕ್ತ ನೋಡುವಾಗಲೇ ಪಾದವನ್ನೂ ನೋಡಲಿ. ಅರಿವಿದೆಯೇ ಎಂದು ತಿಳಿಯಲು ಒಂದು ನೈಲಾನ್ ಎಳೆ ಸಾಕು. ಅದನ್ನು ದಾದಿಯೂ ಮುಟ್ಟಿಸಿ ನೋಡಬಹುದು. ಅರಿವು ಹೋದವರಿಗೆಲ್ಲ ಆ ಚಪ್ಪಲಿ ಸಿಗಲಿ. ಪಟ್ಟಿ ಕಟ್ಟುವ ಕೆಲಸ ಊರಿನಲ್ಲಿಯೇ ಆಗಲಿ. ನಿಂತು ದುಡಿಯುವವರಿಗೆ ಕೂಡಲು ಆಸನವಿರಬೇಕೆಂದು 1948ರ ಕಾರ್ಖಾನೆ ಕಾನೂನೇ ಹೇಳಿತ್ತು. ಮಾಲಕರು ಅದನ್ನು ದಾನವೆಂದು ತಿಳಿಯಬಾರದು.

ನಮ್ಮವರಿಗೂ ಒಂದು ಮಾತು. ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿರಿ. ಕಾಣದಿದ್ದರೆ ಮಕ್ಕಳಿಗೆ ತೋರಿಸಿರಿ. ಚಪ್ಪಲಿ ಮೆಟ್ಟುವ ಮುನ್ನ ಝಾಡಿಸಿರಿ. ಅರಿವಿಲ್ಲದ ಪಾದವನ್ನು ಬಿಸಿನೀರಿನಲ್ಲಿ ಇಡಬೇಡಿರಿ. ಎರಡು ವಾರದಲ್ಲಿ ಗಾಯ ಮಾಯದಿದ್ದರೆ ಅರಿಸಿನ ತುಂಬುತ್ತ ಕೂಡದೆ ವೈದ್ಯರಿಗೆ ತೋರಿಸಿರಿ. ಸಕ್ಕರೆ ರೋಗವಿದ್ದವರು ಒಂದು ದಿನವನ್ನೂ ಕಾಯಬೇಡಿರಿ.

ದುಡಿಯುವವನ ಆಸ್ತಿ ಅವನ ಕೈಕಾಲು. ಒಂದು ಜೊತೆ ಚಪ್ಪಲಿಯಿಂದ ಉಳಿಯಬಹುದಾದ ಕಾಲನ್ನು ಕಳೆದುಕೊಳ್ಳಲು ನಾವು ಒಪ್ಪುವುದಿಲ್ಲ.