ದೇವರಿಗೆ ಗ್ರಾನೈಟು, ಪೂಜಾರಿಯ ಮನೆಗೆ ಜೆಸಿಬಿ

ನಮ್ಮ ಕಡೆ ಹಳೆಯ ಕಟ್ಟಡ ಕೆಡವಲು ದ್ವೇಷ ಬೇಕಿಲ್ಲ, ಭಕ್ತಿ ಸಾಕು. ಜೀರ್ಣೋದ್ಧಾರ ಸಮಿತಿ ಅಂತ ಒಂದಾಗುತ್ತದೆ, ರಸೀದಿ ಪುಸ್ತಕ ಅಚ್ಚಾಗುತ್ತದೆ, ಮುಂಬೈ, ಗೋವೆಯಲ್ಲಿರುವ ಊರವರಿಂದ ವಂತಿಗೆ ಬರುತ್ತದೆ. ನೋಡನೋಡುತ್ತ ಚಿರೇಕಲ್ಲಿನ ಗುಡಿ ಹೋಗಿ ಆರ್‌ಸಿಸಿ ಸ್ಲ್ಯಾಬು, ನೆಲಕ್ಕೆ ಗ್ರಾನೈಟು, ಗೋಡೆಗೆ ಬಚ್ಚಲುಮನೆಯ ಟೈಲ್ಸು. ಅಷ್ಟಕ್ಕೇ ಮುಗಿದಿದ್ದರೆ ದೇವರು ಹೇಗೋ ಸಹಿಸಿಕೊಳ್ಳುತ್ತಿದ್ದ. ಗುಡಿಯ ಮಗ್ಗುಲಲ್ಲಿ ಪೂಜಾರಿಯ ಹಳೆಯ ಮನೆಯ ಪಾಳು ಇರುತ್ತದಲ್ಲ, ಅದರ ಮೇಲೂ ಸಮಿತಿಯ ಕಣ್ಣು ಬೀಳುತ್ತದೆ. ಗಾಡಿ ನಿಲ್ಲಿಸಲು ಜಾಗ ಬೇಕು. ಜೆಸಿಬಿ ಬರುತ್ತದೆ, ಮಧ್ಯಾಹ್ನದ ಊಟದೊಳಗೆ ನೆಲ ಸಪಾಟು.

ಕಾರವಾರದ ಶಿರವಾಡದಿಂದ ಅಂಕೋಲೆಯವರೆಗೆ ಯಾವ ಊರಿನವರೂ ಇದು ನಮಗಲ್ಲ ಎಂದು ಪಕ್ಕಕ್ಕೆ ಸರಿಯಬೇಡಿ. ಗ್ರಾಮದೇವತೆಯ ಪೂಜೆ ಮಾಡುವ ಗುನಗರ ಮನೆ, ದೇವಸ್ಥಾನದ ಭಟ್ಟರ ಬಿಡಾರ, ಇಗರ್ಜಿಯ ಸಿಮಿತ್ರಿಗೆ ತಾಗಿದ ಪಾದ್ರಿಯ ಹಳೆಯ ಮನೆ, ಎಲ್ಲದರ ಜಾತಕವೂ ಒಂದೇ. ಈ ಒಂದು ವಿಷಯದಲ್ಲಿ ನಮ್ಮ ಸರ್ವಧರ್ಮ ಸಮನ್ವಯ ಸಂಪೂರ್ಣವಾಗಿದೆ.

ಜೆಸಿಬಿ ಬಾರದ ಕಡೆ ನಮ್ಮ ಉದಾಸೀನವೇ ಆ ಕೆಲಸ ಮಾಡುತ್ತದೆ, ನಿಧಾನವಾಗಿ. ಮೊದಲು ಹೋಗುವುದು ಮಾಡು. ಹಂಚನ್ನು ಯಾರೋ ಕೊಟ್ಟಿಗೆಗೆ ಒಯ್ಯುತ್ತಾರೆ, ಪಕಾಸು ಒಲೆಗೆ ಹೋಗುತ್ತದೆ. ಬೋಳಾದ ಗೋಡೆಯ ನೆತ್ತಿಗೆ ಕರಾವಳಿಯ ಮಳೆ ನೇರ ಹೊಡೆಯುತ್ತದೆ. ಚಿರೇಕಲ್ಲು ಗಟ್ಟಿಯೇ, ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಷ್ಟೂ ಬಿಗಿಯುವ ಕಲ್ಲು ಅದು. ಸೋಲುವುದು ಕಲ್ಲುಗಳ ನಡುವಿನ ಮಣ್ಣು. ನೆತ್ತಿಯಿಂದ ಇಳಿದ ನೀರು ಮಣ್ಣಿನ ಗಾರೆ ತೊಳೆದು ಸಂದು ಮಾಡುತ್ತದೆ, ಆ ಸಂದಿನಲ್ಲಿ ಕಾಗೆ ಹಾಕಿದ ಅರಳಿ ಬೀಜ ಮೊಳೆಯುತ್ತದೆ. ಮೊದಲ ವರ್ಷ ಎರಡು ಬೆರಳಲ್ಲಿ ಕೀಳಬಹುದಾದ ಸಸಿ. ಮೂರನೆಯ ವರ್ಷಕ್ಕೆ ಕತ್ತಿ ಬೇಕು. ಕಡಿದರೂ ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಆಮೇಲೆ ಅಶ್ವತ್ಥ ಕಡಿಯಬಾರದು ಎಂಬ ಶಾಸ್ತ್ರ ಎಲ್ಲರಿಗೂ ನೆನಪಾಗುತ್ತದೆ. ಕೆಲವು ಉತ್ಸಾಹಿಗಳು ಸಿಮೆಂಟು ಮೆತ್ತಿ ಕೈತೊಳೆದುಕೊಳ್ಳುತ್ತಾರೆ. ಸಿಮೆಂಟು ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಕಲ್ಲು ಅದರ ಹಿಂದೆಯೇ ಪುಡಿಯಾಗುತ್ತದೆ. ಸುಣ್ಣದ ಗಾರೆ ಕಲಸಬಲ್ಲ ಮೇಸ್ತ್ರಿಯನ್ನು ಹುಡುಕುವ ಉಸಾಬರಿ ಯಾರಿಗೆ ಬೇಕು?

ಆ ಹಾಳು ಗೋಡೆಯಲ್ಲಿ ಏನಿದೆ ಮಾರಾಯ್ರೇ, ಎಂದು ಕೇಳುತ್ತೀರಿ. ಇದೆ. ಗುಡಿ ಹೇಳುವುದು ಕಟ್ಟಿಸಿದವನ ಕತೆ. ಪಕ್ಕದ ಮನೆ ಹೇಳುವುದು ದಿನಾ ದೀಪ ಹಚ್ಚಿದವನ ಕತೆ. ಅವನ ಒಲೆ ಎಲ್ಲಿತ್ತು, ನೈವೇದ್ಯದ ಅಕ್ಕಿ ಎಲ್ಲಿಡುತ್ತಿದ್ದ, ಹೊರಗಿನವರನ್ನು ಯಾವ ಜಗುಲಿಯ ತನಕ ಬಿಡುತ್ತಿದ್ದ. ಇದಾವುದನ್ನೂ ಯಾವ ಅರಸನೂ ಶಾಸನದಲ್ಲಿ ಕೊರೆಸುವುದಿಲ್ಲ. ಗೇರುಸೊಪ್ಪೆಗೆ ಹೋಗಿ ನೋಡಿ. ಪೋರ್ಚುಗೀಸರು ಮೆಣಸಿನ ರಾಣಿ ಎಂದ ಚೆನ್ನಭೈರಾದೇವಿಯ ಪಟ್ಟಣ ಅದು. ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಕಾಡಿನ ನಡುವೆ ನಿಂತಿದೆ. ಅಲ್ಲಿ ಪೂಜೆ ಮಾಡಿದವರು ಎಲ್ಲಿ ಉಂಡು ಎಲ್ಲಿ ಮಲಗುತ್ತಿದ್ದರು ಎಂದು ಕೇಳಿದರೆ ಪೊದೆ ತೋರಿಸಬೇಕು.

ಅಷ್ಟು ದೂರ ಯಾಕೆ? ಕಾರವಾರದ ರೈಲು ನಿಲ್ದಾಣ ಇರುವುದೇ ಶಿರವಾಡದಲ್ಲಿ. ಇಳಿದವರು ಆಟೋ ಹಿಡಿದು ಸೀದಾ ಟ್ಯಾಗೋರ್ ಕಡಲತೀರಕ್ಕೆ, ಚಾಪೆಲ್ ಯುದ್ಧನೌಕೆ ನೋಡಲು. ಹಳೆಯ ಕಾರವಾರವನ್ನು ಕೇಳುವವರಿಲ್ಲ. ಅದು ಇದ್ದದ್ದು ಈಗಿನ ಪಟ್ಟಣದ ಪೂರ್ವಕ್ಕೆ, ಕಾಳಿ ನದಿಯ ದಂಡೆಯಲ್ಲಿ. 1638ರಲ್ಲಿ ಕೋರ್ಟೀನ್ ಎಂಬ ವ್ಯಾಪಾರಿಯ ಕಂಪನಿಯ ಇಂಗ್ಲಿಷರು ಇಲ್ಲಿ ಕೋಠಿ ತೆರೆದರು; ಹುಬ್ಬಳ್ಳಿ ಕಡೆಯ ನಯವಾದ ಮಸ್ಲಿನ್ ಇಲ್ಲಿಂದ ಹಡಗು ಹತ್ತಿತು. 1801ರ ಹೊತ್ತಿಗೆ ಆ ಊರು ಪಾಳುಬಿದ್ದಿತ್ತು. ಇಷ್ಟನ್ನು ಹೇಳಲೂ ನಾವು 1883ರ ಬ್ರಿಟಿಷ್ ಗೆಜೆಟಿಯರಿನ ಪುಟ ತಿರುವಬೇಕು. ಪಾಳಿನ ಕಲ್ಲು ಪುಕ್ಕಟೆ ಎಂಬುದು ಮಾತ್ರ ನಮಗೆ ಯಾವ ಪುಸ್ತಕವೂ ಇಲ್ಲದೆ ಬಾಯಿಪಾಠ.

ಇಂಥ ಪಾಳನ್ನು ಉಳಿಸಿಕೊಂಡವರೂ ಇದ್ದಾರೆ. ಇಂಗ್ಲೆಂಡಿನ ಸಸೆಕ್ಸಿನಲ್ಲಿ ಆಲ್‌ಫ್ರಿಸ್ಟನ್ ಎಂಬ ಹಳ್ಳಿಯಿದೆ. ಚರ್ಚಿನ ಪಕ್ಕದಲ್ಲೇ ಹದಿನಾಲ್ಕನೆಯ ಶತಮಾನದ ಪಾದ್ರಿ ಮನೆ; ಮರದ ಚೌಕಟ್ಟು, ಹುಲ್ಲಿನ ಮಾಡು. ಅದೂ ಪಾಳುಬಿದ್ದಿತ್ತು, ಕೆಡವಲು ಅನುಮತಿಯೂ ಸಿಕ್ಕಿತ್ತು. ಊರಿನ ಪಾದ್ರಿ ಬಿಡಲಿಲ್ಲ, ಅವರಿವರ ಬೆನ್ನುಹತ್ತಿದ. 1896ರಲ್ಲಿ, ಹುಟ್ಟಿ ಒಂದೇ ವರ್ಷವಾಗಿದ್ದ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆ ಅದನ್ನು ಹತ್ತು ಪೌಂಡಿಗೆ ಕೊಂಡಿತು. ಆ ಸಂಸ್ಥೆ ಕೊಂಡ ಮೊದಲ ಕಟ್ಟಡ ಅರಮನೆಯಲ್ಲ, ಕೋಟೆಯಲ್ಲ, ಈ ಹುಲ್ಲುಮನೆ. ಇಂದಿಗೂ ನಿಂತಿದೆ. ಅವರು ಶ್ರೀಮಂತರು ಎಂಬ ನೆಪ ಬೇಡ. ಜಾತ್ರೆಯ ಒಂದು ರಾತ್ರಿಯ ಆರ್ಕೆಸ್ಟ್ರಾಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಗೋಡೆಯ ನೆತ್ತಿಗೆ ತಗಡಿನ ಮಾಡು ಹೊದಿಸಬಹುದು.

ಇನ್ನು, ಪುರಾತತ್ತ್ವ ಇಲಾಖೆ ನೋಡಿಕೊಳ್ಳಲಿ ಎನ್ನುವವರು. 1958ರ ಕೇಂದ್ರ ಕಾಯ್ದೆಯಿದೆ, 1961ರ ರಾಜ್ಯ ಕಾಯ್ದೆಯಿದೆ. ಎರಡೂ ಕಾಯುವುದು ಸಂರಕ್ಷಿತ ಎಂದು ಘೋಷಣೆಯಾದದ್ದನ್ನು. ಪೂಜಾರಿಯ ಮನೆಯನ್ನೂ ಆ ಪಟ್ಟಿಗೆ ಸೇರಿಸಿ ಎಂದು ನಿಮ್ಮಲ್ಲಿ ಯಾರು ಅರ್ಜಿ ಕೊಟ್ಟಿದ್ದೀರಿ? ವಿದ್ಯಾವಂತರದು ಬೇರೆಯೇ ಚಾಳಿ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 1860ರ ದಶಕದ ಚರ್ಚು ಮಳೆಗಾಲಕ್ಕೆ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುತ್ತದೆ, ಕುಸಿಯುತ್ತಲೂ ಇದೆ. ಇವರಿಗೆ ಅದು ಮದುವೆಗೆ ಮುಂಚಿನ ಫೋಟೋಶೂಟಿನ ಪರದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಬಿದ್ದಾಗಲೂ ಬೆಳಗಾಗುತ್ತಲೇ ದಂಡೆಯ ತುಂಬ ಮೊಬೈಲುಗಳೇ. ಬೀಳುವ ಮೊದಲು ನೋಡುವುದು ನಮ್ಮ ಜಾಯಮಾನದಲ್ಲಿಲ್ಲ.

ಸಮಿತಿಯ ಅಧ್ಯಕ್ಷರೇ, ಜೆಸಿಬಿಗೆ ಮುಂಗಡ ಕೊಡುವ ಮೊದಲು ಪಾಳಿನ ಅಳತೆ ತೆಗೆಸಿ. ನಾಲ್ಕೂ ಮಗ್ಗುಲಿನ ಫೋಟೋ ಹಿಡಿಸಿ ಠರಾವು ಪುಸ್ತಕಕ್ಕೆ ಅಂಟಿಸಿ, ಒಂದು ಪ್ರತಿ ಪುರಾತತ್ತ್ವ ಇಲಾಖೆಗೆ ಕಳಿಸಿ. ಮೃಗಶಿರ ಮಳೆ ಹಿಡಿಯುವ ಮೊದಲು ಗೋಡೆಯ ಮೇಲಿನ ಅರಳಿ ಸಸಿ ಕೀಳಿಸಿ. ಅದಕ್ಕೆ ಟೆಂಡರ್ ಬೇಕಿಲ್ಲ, ಊರಿನ ಇಬ್ಬರು ಹುಡುಗರು ಸಾಕು. ಗಾಡಿಗಳು ರಸ್ತೆ ಬದಿಯಲ್ಲಿ ನಿಲ್ಲಲಿ. ಜಾತ್ರೆಗೆ ಬಂದವರಿಗೆ ನೂರು ಹೆಜ್ಜೆ ನಡೆಯಲು ಬರುತ್ತದೆ.